ಅಮರಸುಳ್ಯದಿಂದ ಕಯ್ಯೂರಿಗೆ: ಕನ್ನಡ ಕಾದಂಬರಿಯಲ್ಲಿ ಆಳುವವರು ಮತ್ತು ಎದುರು ನಿಂತವರು

ಅರಸರ ಕಥೆಯನ್ನು ಬರೆದಿಡಲು ಶಾಸನಗಳುಂಟು, ಆಸ್ಥಾನಕವಿಗಳುಂಟು, ಕಚೇರಿಯ ಕಡತಗಳುಂಟು. ಅರಸರಿಗೆ ಎದುರು ನಿಂತವರ ಕಥೆಗೆ ಇರುವ ಆಸರೆ ತೀರ ಕಡಿಮೆ. ಅವರ ಹೆಸರು ಕಡತದಲ್ಲಿ ಕಾಣಿಸಿದರೂ ದಂಗೆಕೋರ, ಆರೋಪಿ, ತಲೆಮರೆಸಿಕೊಂಡವನು ಎಂಬ ವಿಶೇಷಣದೊಂದಿಗೇ ಕಾಣಿಸುತ್ತದೆ. ಈ ಕೊರತೆಯನ್ನು ಕನ್ನಡದಲ್ಲಿ ಬಹುಮಟ್ಟಿಗೆ ತುಂಬಿಕೊಟ್ಟುದು ಕಾದಂಬರಿ. ಕೊಡಗು, ಸುಳ್ಯ, ಕಾಸರಗೋಡುಗಳನ್ನು ಒಳಗೊಂಡ ನಮ್ಮ ಈ ನೆಲದ ಒಂದು ಶತಮಾನದ ಚರಿತ್ರೆಯನ್ನು ಆಧರಿಸಿ ಹುಟ್ಟಿದ ಕೆಲವು ಕೃತಿಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲನೆಯದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’. ಪ್ರಕಟವಾದುದು 1956ರಲ್ಲಿ. ಮಾಸ್ತಿಯವರಿಗೆ 1983ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ ಇದು. ಕೊಡಗಿನ ಕಡೆಯ ಅರಸ ಚಿಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪದಚ್ಯುತಗೊಳಿಸಿ ರಾಜ್ಯವನ್ನು ತನ್ನದಾಗಿಸಿಕೊಂಡಿತು. ಅರಸ ಮುಂದೆ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ತೀರಿಕೊಂಡ. ಅವನ ಮಗಳು ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಬೆಳೆದು ವಿಕ್ಟೋರಿಯಾ ಗೌರಮ್ಮ ಎನಿಸಿಕೊಂಡಳು. ಈ ಪತನವನ್ನು ಮಾಸ್ತಿಯವರು ಅರಮನೆಯ ಒಳಗಿನಿಂದ ನೋಡಿದ್ದಾರೆ. ಹದ ತಪ್ಪಿದ ಅರಸ, ಅವನ ನೆರಳಿನಂತಿರುವ ಕುಂಟ ಬಸವ, ರಾಜ್ಯವೂ ಉಳಿಯಬೇಕು ಧರ್ಮವೂ ಉಳಿಯಬೇಕು ಎಂದು ತೊಳಲಾಡುವ ಮಂತ್ರಿಗಳು, ಮೌನವಾಗಿ ನೋಯುವ ರಾಣಿ, ಇವರೆಲ್ಲರ ನಡುವೆ ಅಧಿಕಾರ ಹೇಗೆ ಕೊಳೆಯುತ್ತದೆ ಎಂಬುದನ್ನು ಅವರು ಸಾವಧಾನವಾಗಿ ಬಿಡಿಸಿ ತೋರಿಸುತ್ತಾರೆ. ಕೆಟ್ಟ ಅರಸನಿಂದ ಪಾರಾಗಬೇಕೆಂದು ಹೊರಗಿನವರಿಗೆ ಬಾಗಿಲು ತೆರೆದರೆ ಒಳಗೆ ಬಂದವರು ಹಿಂದಿರುಗುವುದಿಲ್ಲ ಎಂಬುದು ಆ ಕಾದಂಬರಿ ಉಳಿಸುವ ಕಹಿಯಾದ ಅರಿವು.

ಅರಮನೆಯ ದೀಪ ಆರಿದ ಮೇಲೆ ಹೊಲಗದ್ದೆಗಳಲ್ಲಿ ಏನಾಯಿತು? ಈ ಪ್ರಶ್ನೆಯನ್ನು ಎತ್ತಿಕೊಂಡವರು ನಿರಂಜನರು. 1924ರಲ್ಲಿ ಕುಳ್ಕುಂದದಲ್ಲಿ ಜನಿಸಿದ ಶಿವರಾಯರು ನಿರಂಜನ ಎಂಬ ಹೆಸರಿನಿಂದ ನಾಡಿಗೆ ಪರಿಚಿತರಾದವರು. ಅವರ ‘ಸ್ವಾಮಿ ಅಪರಂಪಾರ’ ಮತ್ತು ‘ಕಲ್ಯಾಣಸ್ವಾಮಿ’ ಎರಡೂ ಕೊಡಗಿನ ಪತನದ ನಂತರದ ಪ್ರತಿಭಟನೆಯನ್ನು ವಸ್ತುವಾಗಿ ಉಳ್ಳವು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿಯು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆದ ಧಾನ್ಯದ ರೂಪದಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತರು ಈಗ ನಗದು ಹಣ ತೆರಬೇಕಾಯಿತು. ನಾಣ್ಯ ಕೈಗೆ ಬರಬೇಕಾದರೆ ಸುಗ್ಗಿಯಲ್ಲಿಯೇ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಬೇಕು. ಮಾರಲಾಗದಿದ್ದರೆ ಸಾಲಗಾರನ ಮನೆಯ ಮುಂದೆ ನಿಲ್ಲಬೇಕು. ಸಾಲದೆಂಬಂತೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರದ ಮೇಲೆಯೂ ಕಂಪನಿಯ ಹಿಡಿತ. ಈ ಬೇಗೆಯಿಂದ ಹೊತ್ತಿಕೊಂಡುದೇ 1837ರ ಹೋರಾಟ.

ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನೇ ವಶಪಡಿಸಿಕೊಂಡಿತು. ಬಾವುಟಗುಡ್ಡೆಯಲ್ಲಿ ಕಂಪನಿಯ ಧ್ವಜ ಇಳಿಯಿತು. ಸುಮಾರು ಎರಡು ವಾರಗಳಲ್ಲಿ ಹೊರಗಿನಿಂದ ಸೈನ್ಯ ಬಂದು ಹೋರಾಟ ಮುರಿಯಿತು, ನಾಯಕರು ಗಲ್ಲಿಗೇರಿದರು. ಅವರು ಯಾರ ಹೆಸರಿನಲ್ಲಿ ಎದ್ದರು ಎಂಬುದು ಇಲ್ಲಿ ಗಮನಾರ್ಹ. ಅರಸುಮನೆತನಕ್ಕೆ ಸೇರಿದವನೆಂದು ಜನ ನಂಬಿದ್ದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತವನು ಪುಟ್ಟಬಸಪ್ಪ. ಹೊಸ ಒಡೆಯನನ್ನು ಎದುರಿಸುವುದಕ್ಕೂ ಹಳೆಯ ಒಡೆಯನ ಹೆಸರು ಬೇಕಾಗಿದ್ದ ಕಾಲ ಅದು. ಬಹುಕಾಲ ಈ ಹೋರಾಟ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಕರೆಯಿಸಿಕೊಂಡಿತು. ಕಾಟಕಾಯಿ ಎಂದರೆ ದರೋಡೆ, ಹಾವಳಿ. ಗೆದ್ದವನು ಸೋತವನ ನೆಲವನ್ನು ಮಾತ್ರವಲ್ಲ, ಅವನ ಕೃತ್ಯಕ್ಕೆ ಹೆಸರಿಡುವ ಹಕ್ಕನ್ನೂ ಕಸಿದುಕೊಳ್ಳುತ್ತಾನೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಒಂದು ಶತಮಾನ ಕಳೆದ ಮೇಲೆ ಇದೇ ಜಿಲ್ಲೆಯ ತೆಂಕಣ ಅಂಚಿನಲ್ಲಿ, ತೇಜಸ್ವಿನಿ ಹೊಳೆಯ ದಂಡೆಯ ಕಯ್ಯೂರಿನಲ್ಲಿ ಮತ್ತೊಂದು ಹೋರಾಟ ನಡೆಯಿತು. ಇಲ್ಲಿಯ ಒಕ್ಕಲು ಮಕ್ಕಳ ಎದುರು ಇದ್ದವರು ಜನ್ಮಿಗಳು. ಜನ್ಮಿಗಳ ಬೆನ್ನಿಗೆ ಬ್ರಿಟಿಷ್ ಸರಕಾರದ ಪೊಲೀಸರು. ಗೇಣಿಯ ಭತ್ತದ ಮೇಲೆ ವಾಶಿ, ನುರಿ ಎಂಬ ಹೆಸರುಗಳಲ್ಲಿ ಹೆಚ್ಚುವರಿ ವಸೂಲಿ, ಹಬ್ಬ ಬಂದರೆ ಧಣಿಯ ಮನೆಗೆ ಕಾಣಿಕೆ, ಮಾತೆತ್ತಿದರೆ ಒಕ್ಕಲೆಬ್ಬಿಸುವ ಬೆದರಿಕೆ. ರೈತರು ಕರ್ಷಕ ಸಂಘವನ್ನು ಕಟ್ಟಿಕೊಂಡರು. 1941ರ ಮಾರ್ಚ್‌ನಲ್ಲಿ ಪೊಲೀಸರ ದೌರ್ಜನ್ಯವನ್ನು ಖಂಡಿಸಿ ಹೊರಟ ಮೆರವಣಿಗೆಯ ಎದುರಿಗೆ ಸಿಕ್ಕ ಪೊಲೀಸ್ ಪೇದೆ ಸುಬ್ಬರಾಯನು ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಅದು ಕೊಲೆಯ ಮೊಕದ್ದಮೆಯಾಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್, ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಎಳೆಯ ವಯಸ್ಸಿನವನಾದುದರಿಂದ ಮರಣದಂಡನೆಯಿಂದ ಪಾರಾದ.

ಕಯ್ಯೂರಿಗೆ ಅನತಿದೂರದ ನೀಲೇಶ್ವರದ ಪ್ರೌಢಶಾಲೆಯಲ್ಲಿ ಓದಿದವರು ನಿರಂಜನರು. ಆ ನೆಲದ ಬದುಕು ಅವರಿಗೆ ಕೇಳಿ ತಿಳಿದ ಸಂಗತಿಯಲ್ಲ. 1955ರಲ್ಲಿ ಅವರು ಬರೆದ ‘ಚಿರಸ್ಮರಣೆ’ಯಲ್ಲಿ ಅಪ್ಪು, ಚಿರುಕಂಡ ಇಬ್ಬರೂ ಮೊದಲು ಕಾಣಿಸುವುದು ಹುಡುಗರಾಗಿ. ಊರಿನ ಶಾಲೆಯ ಮಾಸ್ತರರು ಅವರಿಗೆ ಅಕ್ಷರದ ಜೊತೆಗೆ ಪ್ರಶ್ನಿಸುವುದನ್ನೂ ಕಲಿಸುತ್ತಾರೆ. ಅಧಿಕಾರ ಅಂಜುವುದು ಕತ್ತಿಗಿಂತ ಹೆಚ್ಚಾಗಿ ಓದಬಲ್ಲ ರೈತನಿಗೆ ಎಂಬುದು ಕಾದಂಬರಿಯುದ್ದಕ್ಕೂ ಒಳಹರಿವಾಗಿದೆ. 1837ರವರಿಗೆ ಬೇಕಾಗಿದ್ದ ಅರಸನ ಹೆಸರು ಕಯ್ಯೂರಿನವರಿಗೆ ಬೇಕಾಗಲಿಲ್ಲ; ಸಂಘದ ಹೆಸರು ಸಾಕಾಯಿತು. ನೂರು ವರ್ಷಗಳಲ್ಲಿ ಜನರ ಮನಸ್ಸು ನಡೆದ ದಾರಿ ಎಷ್ಟೆಂಬುದನ್ನು ಈ ಒಂದು ವ್ಯತ್ಯಾಸದಿಂದಲೇ ಅಳೆಯಬಹುದು.

ಪ್ರತಿಭಟನೆಯನ್ನು ನಿರಂಜನರು ಒಂದು ನಾಡಿನ ಸೊತ್ತೆಂದು ತಿಳಿದವರಲ್ಲ. 1976ರಲ್ಲಿ ಪ್ರಕಟವಾದ ‘ಮೃತ್ಯುಂಜಯ’ದಲ್ಲಿ ಅವರು ಪ್ರಾಚೀನ ಈಜಿಪ್ಟಿನ ಸಾಮಾನ್ಯ ಜನ ಅರಸೊತ್ತಿಗೆಯ ವಿರುದ್ಧ ಎದ್ದುದನ್ನು ಚಿತ್ರಿಸಿದರು. ನೈಲ್ ನದಿಯ ರೈತನಿಗೂ ತೇಜಸ್ವಿನಿಯ ದಂಡೆಯ ಒಕ್ಕಲಿಗೂ ಇರುವ ನಂಟು ಅವರಿಗೆ ಕಂಡಿತ್ತು.

ಗಡಿನಾಡಿನ ಕನ್ನಡಿಗರಾದ ನಮಗೆ ‘ಚಿರಸ್ಮರಣೆ’ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಅದು ಪ್ರಕಟವಾದಾಗ ಕಯ್ಯೂರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮರುವರ್ಷ, 1956ರ ನವೆಂಬರ್ 1ರಂದು, ಕಾಸರಗೋಡಿನೊಂದಿಗೆ ಅದು ಕೇರಳಕ್ಕೆ ಸೇರಿತು. ಮಲಯಾಳ ಮಾತನಾಡುವ ರೈತರ ಬಲಿದಾನವನ್ನು ಕನ್ನಡದಲ್ಲಿ ಬರೆದ ಆ ಕೃತಿ ಮಲಯಾಳಕ್ಕೆ ಅನುವಾದಗೊಂಡು, ಅಲ್ಲಿಯ ಓದುಗರು ಅದನ್ನು ತಮ್ಮದೇ ಎಂಬಂತೆ ಎದೆಗೊತ್ತಿಕೊಂಡರು. ಕಯ್ಯೂರಿನ ಕಥೆ 1986ರಲ್ಲಿ ಲೆನಿನ್ ರಾಜೇಂದ್ರನ್ನರ ಮಲಯಾಳ ಚಲನಚಿತ್ರವೂ ಆಯಿತು. ಕನ್ನಡವು ನೆರೆಯವರಿಗೆ ಅವರದೇ ನೆನಪನ್ನು ಕಾಪಿಟ್ಟು ಕೊಟ್ಟ ಭಾಷೆ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂದರ್ಭವಿದು.

ಆದರೆ ಅಭಿಮಾನ ಸಾಲದು. ಈ ಪುಸ್ತಕಗಳನ್ನು ಮೂಲದಲ್ಲಿಯೇ ಓದಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಹೊತ್ತು ಇದು. ತಮ್ಮ ಊರಿನ ಚರಿತ್ರೆಯನ್ನು ಅನುವಾದದಲ್ಲಿ ಓದುವ ಸ್ಥಿತಿ ಕನ್ನಡ ಮನೆಯ ಮಕ್ಕಳಿಗೆ ಬಾರದಿರಲಿ. ಸಂಘದ ವಾಚನಾಲಯದಲ್ಲಿ ಈ ಕಾದಂಬರಿಗಳ ಪ್ರತಿಗಳಿರಲಿ. ರಜೆಯ ದಿನಗಳಲ್ಲಿ ಹಿರಿಯರು ಕಿರಿಯರನ್ನು ಕೂರಿಸಿಕೊಂಡು ದಿನಕ್ಕೊಂದು ಅಧ್ಯಾಯವನ್ನಾದರೂ ಗಟ್ಟಿಯಾಗಿ ಓದಲಿ. ಗಲ್ಲಿಗೇರಿದವರನ್ನು ಸರಕಾರದ ಕಡತ ಆರೋಪಿಗಳೆಂದು ಕರೆದು ಮುಚ್ಚಿಹೋಯಿತು. ಅವರನ್ನು ಅಪ್ಪು, ಚಿರುಕಂಡ ಎಂದು ಹೆಸರು ಹಿಡಿದು ಕರೆದದ್ದು ಒಂದು ಕನ್ನಡ ಪುಸ್ತಕ. ಓದುವವರಿರುವ ತನಕ ಆ ಕರೆ ಕೇಳಿಸುತ್ತಿರುತ್ತದೆ.