ಸುಟ್ಟ ಗಾಯಕ್ಕೆ ಜೇನುತುಪ್ಪ: ಸೊಲ್ಲಾಪುರದ ಪರೀಕ್ಷೆ

ಹರಿದಾಸ ವಿಜಯದಾಸರ ಚಿಪ್ಪಗಿರಿಯ ಪಕ್ಕದ ಗುಂತಕಲ್ಲಿನಿಂದ ಹೊರಡುವ ರೈಲುದಾರಿ ಆದೋನಿ, ರಾಯಚೂರು ದಾಟಿ ಸೊಲ್ಲಾಪುರ ಮುಟ್ಟುತ್ತದೆ. ಎರಡೂ ತುದಿಯಲ್ಲಿ ಕರ್ನಾಟಕದ ಗಡಿಯಾಚೆ ಉಳಿದ ಕನ್ನಡ ಮನೆಗಳಿವೆ. ಒಲೆಯ ಮುಂದೆ ಕೈ ಸುಟ್ಟರೆ ಜೇನುತುಪ್ಪ ಸವರುವುದು ಇಂಥ ಮನೆಗಳಿಗೆ ಹೊಸದಲ್ಲ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಮೊದಲಿಗರಲ್ಲಿ ಸೊಲ್ಲಾಪುರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಒಬ್ಬರು.

ಬಳಕೆಯೇನೋ ಬಹಳ ಹಳೆಯದು. ಸುಶ್ರುತಸಂಹಿತೆಯಲ್ಲಿ ಗಾಯಕ್ಕೆ ಜೇನು ಮತ್ತು ತುಪ್ಪ ಬರುತ್ತವೆ, ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ಶಸ್ತ್ರವೈದ್ಯದ ಸುರುಳಿಯಲ್ಲೂ ಜೇನಿದೆ. ಕಾರಣ ಹುಡುಕುವ ಕೆಲಸ ಮಾತ್ರ ತಡವಾಗಿ ಶುರುವಾಯಿತು. ಜೇನಿನಲ್ಲಿರುವ, ಸೂಕ್ಷ್ಮಜೀವಿಗಳನ್ನು ತಡೆಯುವ ಅಂಶಕ್ಕೆ 1937ರಲ್ಲಿ ಜರ್ಮನಿಯ ಡೋಲ್ಡ್ ‘ಇನ್‌ಹಿಬಿನ್’ ಎಂದು ಹೆಸರಿಟ್ಟರು. ಅದು ಹೈಡ್ರೋಜನ್ ಪೆರಾಕ್ಸೈಡ್ ಎಂದು 1963ರಲ್ಲಿ ಅಮೆರಿಕದ ವೈಟ್ ಮತ್ತು ಸಂಗಡಿಗರು ತೋರಿಸಿದರು. ಜೇನ್ನೊಣ ಬೆರೆಸುವ ಕಿಣ್ವವೊಂದು, ಗಾಯದ ರಸ ತಾಗಿ ಜೇನು ತೆಳುವಾದಾಗ, ಸಕ್ಕರೆಯಿಂದ ಇದನ್ನು ಸ್ವಲ್ಪಸ್ವಲ್ಪವೇ ಹುಟ್ಟಿಸುತ್ತಿರುತ್ತದೆ. ಜೊತೆಗೆ ಜೇನು ಹುಳಿ ಗುಣದ್ದು. ದಟ್ಟ ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ. ಕಾಯಿಸಿದರೆ ಈ ಕಿಣ್ವ ಕೆಡುತ್ತದೆ.

ಅಷ್ಟರಲ್ಲಿ ಪೆನಿಸಿಲಿನ್ ಯುಗ ಬಂದಿತ್ತು, ಜೇನು ಹಿಂದೆ ಸರಿದಿತ್ತು. 1988ರಲ್ಲಿ ನೈಜೀರಿಯಾದ ಎಫೆಮ್, ಮಾಯದೆ ಉಳಿದಿದ್ದ ಗಾಯಗಳ 59 ರೋಗಿಗಳ ಅನುಭವ ಪ್ರಕಟಿಸಿದರು. ಆದರೆ ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. 1991ರಲ್ಲಿ ಸುಬ್ರಹ್ಮಣ್ಯಂ 104 ಸುಟ್ಟಗಾಯದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಜೇನು, ಉಳಿದವರಿಗೆ ವಾಡಿಕೆಯ ಔಷಧ ಸಿಲ್ವರ್ ಸಲ್ಫಾಡಯಾಜಿನ್ ಕೊಟ್ಟು ನೋಡಿದರು. ಹದಿನೈದು ದಿನದೊಳಗೆ ಮಾಯ್ದದ್ದು ಜೇನಿನ ಗುಂಪಿನಲ್ಲಿ ನೂರಕ್ಕೆ 87, ಇನ್ನೊಂದರಲ್ಲಿ 10. ಇಷ್ಟು ದೊಡ್ಡ ಅಂತರವನ್ನು ಎಚ್ಚರದಿಂದಲೇ ಓದಬೇಕು: ಯಾವ ಗಾಯಕ್ಕೆ ಜೇನು ಹಚ್ಚಿದೆ ಎಂಬುದನ್ನು ನೋಡುವವರಿಂದ ಮುಚ್ಚಿಡುವುದು ಕಷ್ಟ.

ನನಗೆ ಸುಬ್ರಹ್ಮಣ್ಯಂ ಅವರ ಮೇಲೆ ಹೆಚ್ಚು ಗೌರವ ಮೂಡಿಸಿದ್ದು 1999ರ ಪ್ರಬಂಧ. ಸುಟ್ಟ ಪದರವನ್ನು ಬೇಗನೆ ಕೆತ್ತಿ ತೆಗೆದು ಚರ್ಮ ಕಸಿ ಮಾಡುವುದು ಮಧ್ಯಮ ಸುಟ್ಟಗಾಯಗಳಿಗೆ ಜೇನಿಗಿಂತ ಮೇಲು ಎಂದು ಅವರೇ ಪರೀಕ್ಷಿಸಿ ಬರೆದರು.

ಆಮೇಲೆ ಮುಂದಾಳತ್ವ ನ್ಯೂಜಿಲೆಂಡಿಗೆ ಹೋಯಿತು. ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಮನುಕಾ ಹೂವಿನ ಜೇನಿನಲ್ಲಿ ಪೆರಾಕ್ಸೈಡ್ ಅಲ್ಲದ ಶಕ್ತಿಯೊಂದನ್ನು ಅಷ್ಟರಲ್ಲಾಗಲೇ ಗುರುತಿಸಿದ್ದರು; ಅದು ಮೀಥೈಲ್‌ಗ್ಲೈಆಕ್ಸಾಲ್ ಎಂಬುದು 2008ರಲ್ಲಿ ಗೊತ್ತಾಯಿತು. ನ್ಯೂಜಿಲೆಂಡಿನಲ್ಲೇ ಕಾಲಿನ ಹುಣ್ಣಿನ 368 ರೋಗಿಗಳ ಮೇಲೆ ನಡೆದು ಅದೇ ವರ್ಷ ಪ್ರಕಟವಾದ ಪ್ರಯೋಗದಲ್ಲಿ ಜೇನುಪಟ್ಟಿ ಗಮನಾರ್ಹ ಲಾಭ ತೋರಲಿಲ್ಲ. 26 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2015ರ ಕಾಕ್ರೇನ್ ಸಮೀಕ್ಷೆ, ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯಗಳು ಜೇನಿನಿಂದ ವಾಡಿಕೆಯ ಪಟ್ಟಿಗಿಂತ ನಾಲ್ಕೈದು ದಿನ ಬೇಗ ಮಾಯುತ್ತವೆ ಎಂದಿತು.

ಆಸ್ಪತ್ರೆಯ ಜೇನು ಅಡುಗೆಮನೆಯ ಸೀಸೆಯದಲ್ಲ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳನ್ನು ಗಾಮಾ ಕಿರಣ ಹಾಯಿಸಿ ಕೊಂದಿರುತ್ತಾರೆ. ಕಿಣ್ವ ಉಳಿಯಲೆಂದು ಕಾಯಿಸುವುದಿಲ್ಲ. ಮನುಕಾ ಸೀಸೆಯ ಮೇಲೆ ಅದರ ಶಕ್ತಿಯ ಅಂಕಿಯೂ ಇರುತ್ತದೆ. ನಮ್ಮ ಸಂತೆಗೆ ಬರುವ ಹೆಜ್ಜೇನು, ತುಡುವೆ ಜೇನಿನ ಸೀಸೆಗಳ ಮೇಲೆ ಅಂಥದ್ದೇನೂ ಇಲ್ಲ. ಸೊಲ್ಲಾಪುರದಲ್ಲಿ ಆರಂಭವಾದ ಕೆಲಸ ಈ ಜೇನುಗಳನ್ನು ಒಂದೊಂದಾಗಿ ಅಳೆಯುವವರೆಗೆ ಮುಂದುವರಿಯಬೇಕು.