ಒಂದು ಚೀಟಿಯ ಚರಿತ್ರೆ

ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳ ಅಂಕಪಟ್ಟಿ ಬರೆಯುತ್ತಿರುವವಳು ನಾನು. ಆದರೆ ನನ್ನದೇ ರಕ್ತದ ಅಂಕಪಟ್ಟಿ ಕೈಗೆ ಬಂದಾಗ ಓದಲು ಬರಲಿಲ್ಲ. ಒಟ್ಟು ಕೊಲೆಸ್ಟ್ರಾಲ್ 236, ಟ್ರೈಗ್ಲಿಸರೈಡ್ 170, ಎಚ್‌ಡಿಎಲ್ 48, ಎಲ್‌ಡಿಎಲ್ 154. ನಾಲ್ಕೂ ದಪ್ಪ ಅಕ್ಷರದಲ್ಲಿದ್ದವು. "ಎಣ್ಣೆ ಕಡಿಮೆ ಮಾಡು" ಎಂದರು ನಮ್ಮ ಯಜಮಾನರು, ಹಪ್ಪಳ ಮುರಿಯುತ್ತಾ. ಅವರ ಚೀಟಿಗಳಿಗೆ ಮನೆಯಲ್ಲಿ ಒಂದು ಫೈಲೇ ಇದೆ. ನನ್ನದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಪಾಠ ಹೇಳುವುದು ಚರಿತ್ರೆ. ಆದ್ದರಿಂದ ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹುಡುಕುವ ಚಪಲ ನನಗೆ.

ಕೊಲೆಸ್ಟ್ರಾಲು ಮೊದಲು ಸಿಕ್ಕಿದ್ದು ರಕ್ತದಲ್ಲಲ್ಲ, ಪಿತ್ತಕೋಶದ ಕಲ್ಲಿನಲ್ಲಿ. ಫ್ರಾನ್ಸಿನ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ 1815ರ ಸುಮಾರಿಗೆ ಅದಕ್ಕೆ ಹೆಸರಿಟ್ಟ. ಗ್ರೀಕಿನಲ್ಲಿ ಪಿತ್ತ ಮತ್ತು ಗಟ್ಟಿ ಎಂಬ ಎರಡು ಪದ ಸೇರಿ ಆದದ್ದು. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲು ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ. ಪಾಪ, ಸೊಪ್ಪು ತಿನ್ನುವ ಪ್ರಾಣಿ! ಮನುಷ್ಯರ ಕಥೆ ಅಷ್ಟು ಸಲೀಸಲ್ಲ. ನಮ್ಮ ದೇಹದ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ.

ಮನುಷ್ಯರ ಲೆಕ್ಕ ಶುರುವಾದದ್ದು 1948ರಲ್ಲಿ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ಅಲ್ಲಿನ 5209 ಜನರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಕರೆದು, ರಕ್ತ ತೆಗೆದು, ಯಾರಿಗೆ ಯಾವಾಗ ಹೃದಯಾಘಾತವಾಯಿತೆಂದು ದಶಕಗಟ್ಟಲೆ ಬರೆದಿಟ್ಟರು. ಕೊಲೆಸ್ಟ್ರಾಲು, ರಕ್ತದೊತ್ತಡ ಇವೆಲ್ಲ ಅಪಾಯದ ಅಂಶಗಳೆಂಬ ಮಾತು 1961ರಲ್ಲಿ ಬಂದದ್ದು ಆ ಪುಸ್ತಕಗಳಿಂದಲೇ. ಎಚ್‌ಡಿಎಲ್ ಹೆಚ್ಚಿದ್ದರೆ ರಕ್ಷಣೆ ಎಂಬ ಮಾತು ಗಟ್ಟಿಯಾದದ್ದು 1977ರಲ್ಲಿ.

ಎಲ್‌ಡಿಎಲ್ ಮಾತ್ರ ತಮಾಷೆಯದು. ಎಷ್ಟೋ ಲ್ಯಾಬುಗಳು ಅದನ್ನು ಅಳೆಯುವುದೇ ಇಲ್ಲ, ಲೆಕ್ಕ ಹಾಕುತ್ತವೆ! ನೇರವಾಗಿ ಅಳೆಯಲು ದೊಡ್ಡ ಯಂತ್ರ ಬೇಕಾಗಿದ್ದ ಕಾಲದಲ್ಲಿ, 1972ರಲ್ಲಿ, ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಒಂದು ಸೂತ್ರ ಕೊಟ್ಟರು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ನಾನೂ ಮಾಡಿ ನೋಡಿದೆ: 236ರಲ್ಲಿ 48 ಹೋದರೆ 188, ಅದರಲ್ಲಿ 34 ಹೋದರೆ 154. ಸರಿಯಾಗಿ ಬಂದಾಗ ಏಳನೇ ತರಗತಿಯ ಹುಡುಗಿಯ ಹಾಗೆ ಹಿಗ್ಗಿದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯದು.

ಇಲ್ಲಿಯವರೆಗೆ ಎಲ್ಲ ಸರಿ. ಮುಂದೆ ಓದುತ್ತಾ ನನಗೆ ಸಿಟ್ಟು ಬಂತು.

ಫ್ರೇಮಿಂಗ್‌ಹ್ಯಾಮಿನ 5209 ಜನರಲ್ಲಿ 2873 ಮಂದಿ ಹೆಂಗಸರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೃದಯರೋಗ ಏರುತ್ತದೆಂದು 1976ರಲ್ಲೇ ಅಲ್ಲಿಂದ ವರದಿ ಬಂತು. ಆದರೂ ಆ ಕಾಲದ ದೊಡ್ಡ ಪ್ರಯೋಗಗಳನ್ನು ನೋಡಿ. 1982ರಲ್ಲಿ ಫಲಿತಾಂಶ ಕೊಟ್ಟ ಒಂದರಲ್ಲಿ 12,866 ಜನ, ಎಲ್ಲರೂ ಗಂಡಸರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಮಿಸ್ಟರ್ ಫಿಟ್' ಎಂದೇ ಕರೆಯುತ್ತಿದ್ದರು! ಕೊಲೆಸ್ಟ್ರಾಲು ಇಳಿಸಿದರೆ ಹೃದಯಾಘಾತವೂ ಇಳಿಯುತ್ತದೆಂದು 1984ರಲ್ಲಿ ತೋರಿಸಿದ ಪ್ರಯೋಗದಲ್ಲಿ 3806 ಜನ, ಅವರೂ ಗಂಡಸರೇ. ನಡುವಯಸ್ಸಿನಲ್ಲಿ ಗಂಡಸರಿಗೇ ಹೃದಯಾಘಾತ ಹೆಚ್ಚು, ಅವರನ್ನು ನೋಡಿದರೆ ಉತ್ತರ ಬೇಗ ಸಿಗುತ್ತದೆ ಎಂಬ ಲೆಕ್ಕ ಅದು. ಲೆಕ್ಕವೇನೋ ಸರಿಯೇ. ಆದರೆ ಹೃದಯದ ಕಾಯಿಲೆ ಗಂಡಸರದ್ದು ಎಂಬ ನಂಬಿಕೆ ಬಲಿತು ನಮ್ಮ ಅಡುಗೆಮನೆಯವರೆಗೂ ಬಂದು ಕೂತಿತಲ್ಲ! ಸ್ಕ್ಯಾಂಡಿನೇವಿಯದಲ್ಲಿ 1994ರಲ್ಲಿ ಮುಗಿದ ಸ್ಟ್ಯಾಟಿನ್ ಮಾತ್ರೆಯ ಪ್ರಯೋಗದಲ್ಲೂ 4444 ಜನರಲ್ಲಿ ಹೆಂಗಸರು 827 ಮಾತ್ರ.

ನಮ್ಮಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಐವತ್ತೊಂಬತ್ತು ವಯಸ್ಸು. ಎರಡು ದಿನ ಎದೆಯುರಿ ಎಂದಳು, ದವಡೆ ಎಳೆಯುತ್ತದೆ ಎಂದಳು, ಸುಸ್ತು ಎಂದಳು. ಜೀರಿಗೆ ಕಷಾಯ ಕಾಸಿ ಕೊಟ್ಟವಳು ನಾನೇ. ಗ್ಯಾಸಿನ ಮಾತ್ರೆ ತಂದವರು ಭಾವ. ಮೂರನೇ ದಿನ ತುಮಕೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋದಳು. ಹೃದಯಾಘಾತ ಎಂದು ಆಸ್ಪತ್ರೆಯಲ್ಲಿ ಹೇಳಿದರೂ ನಮ್ಮ ಮನೆಯಲ್ಲಿ ಇಂದಿಗೂ "ಗ್ಯಾಸು ಎದೆಗೆ ಏರಿತು" ಎನ್ನುತ್ತಾರೆ. ಅವಳ ಹೆಸರಿನಲ್ಲಿ ಒಂದೇ ಒಂದು ರಕ್ತಪರೀಕ್ಷೆಯ ಚೀಟಿ ಇರಲಿಲ್ಲ. ಭಾವನ ಚೀಟಿಗಳನ್ನು ಮಾತ್ರ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಳು.

ತಿಪಟೂರಿನವಳಾದ್ದರಿಂದ ನನ್ನ ಚೀಟಿ ನೋಡಿದವರೆಲ್ಲ ಕೇಳಿದ್ದು ತೆಂಗಿನಕಾಯಿಯ ಮಾತನ್ನೇ. ಕಾಯಿಯಲ್ಲಿ ಕೊಲೆಸ್ಟ್ರಾಲಿಲ್ಲ, ಯಾವ ಗಿಡಮರದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಇಲ್ಲ. ಹಾಗಾಗಿ ಎಣ್ಣೆ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಮುಕ್ತ' ಎಂದು ಬರೆಯುವುದು ಹುಣಿಸೆಹಣ್ಣು ಹುಳಿ ಎಂದು ಬರೆದ ಹಾಗೆ. ಆದರೆ ಕೊಬ್ಬರಿ ಎಣ್ಣೆಯಲ್ಲಿರುವ ಪರ್ಯಾಪ್ತ ಕೊಬ್ಬು ನಮ್ಮ ಎಲ್‌ಡಿಎಲ್ ಏರಿಸುತ್ತದೆ. ಊರಿನ ಅಭಿಮಾನ ಬೇರೆ, ರಕ್ತದ ಮಾತು ಬೇರೆ.

ಕೊನೆಗೆ ಚೀಟಿ ಹಿಡಿದು ಡಾಕ್ಟರಮ್ಮನ ಹತ್ತಿರ ಹೋದೆ. ಅವರು 236ರ ಕಡೆ ಹೆಚ್ಚು ನೋಡಲೇ ಇಲ್ಲ. ಎಚ್‌ಡಿಎಲ್ ಹೆಂಗಸರಿಗೆ 50ಕ್ಕಿಂತ ಮೇಲಿರಬೇಕು ಎಂದರು. ವಯಸ್ಸು, ಬಿಪಿ, ಸಕ್ಕರೆ, ಮುಟ್ಟು ನಿಂತದ್ದು ಯಾವಾಗ ಎಂದೆಲ್ಲ ಕೇಳಿ ಬರೆದುಕೊಂಡರು. ಈ ಸಂಖ್ಯೆಗಳನ್ನು ಒಂಟಿಯಾಗಿ ಓದಬಾರದಂತೆ.

"ಟೀಚರ್, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ?"

ಹಿಂದೆ ಯಾರೇ ಕೇಳಿದರೂ ಇಲ್ಲ ಎನ್ನುತ್ತಿದ್ದೆ.

"ನಮ್ಮಕ್ಕನಿಗೆ" ಎಂದೆ. "ಐವತ್ತೊಂಬತ್ತು ವರ್ಷ."

ಅವರು ಬರೆದುಕೊಂಡರು.