ದರ್ಜಿ ಮಹಿಳೆಯ ಮಾತು, ನೂರು ವರ್ಷಗಳ ಹುಡುಕಾಟ

ನಿಮ್ಮ ಅಜ್ಜ, ಅಜ್ಜಿ ಯಾವ ಕಾಯಿಲೆಯಿಂದ ತೀರಿಕೊಂಡರು? ಆಗ ಅವರಿಗೆಷ್ಟು ವಯಸ್ಸು? "ಹೊಟ್ಟೆನೋವಂತೆ", "ಏನೋ ಗಡ್ಡೆಯಂತೆ" ಎಂಬುದಕ್ಕಿಂತ ಹೆಚ್ಚು ಹೇಳಬಲ್ಲವರು ನಮ್ಮಲ್ಲಿ ಕಡಿಮೆ. ಆದರೆ ಇಂಥ ಪ್ರಶ್ನೆಗೆ ಸ್ಪಷ್ಟ ಉತ್ತರ ಗೊತ್ತಿದ್ದ ಒಬ್ಬ ಸಾಮಾನ್ಯ ಹೆಣ್ಣುಮಗಳಿಂದಲೇ ವೈದ್ಯಶಾಸ್ತ್ರದ ಒಂದು ದೊಡ್ಡ ಅಧ್ಯಾಯ ಆರಂಭವಾಯಿತು.

ಅದು 1895ನೇ ಇಸವಿ. ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಆಕೆ, ಅಲ್ಲಿನ ವಿಶ್ವವಿದ್ಯಾನಿಲಯದ ರೋಗಶಾಸ್ತ್ರಜ್ಞ ಡಾ. ಆಲ್ಡ್ರೆಡ್ ವಾರ್ತಿನ್ ಅವರಲ್ಲಿ ತನ್ನ ದುಃಖ ತೋಡಿಕೊಂಡಳು. ತಾನು ಚಿಕ್ಕ ವಯಸ್ಸಿನಲ್ಲೇ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುತ್ತೇನೆ, ತನ್ನ ಮನೆತನದ ಹೆಚ್ಚಿನವರು ಹೋದದ್ದು ಹಾಗೆಯೇ ಎಂದಳು. ಮುಂದೆ ಅವಳ ಮಾತೇ ನಿಜವಾಯಿತು. ಗರ್ಭಕೋಶದ ಕ್ಯಾನ್ಸರ್ ಅವಳನ್ನು ಬಲಿ ತೆಗೆದುಕೊಂಡಿತು.

ವಾರ್ತಿನ್ ಆ ಮಾತನ್ನು ಹೆಣ್ಣಿನ ಭಯವೆಂದು ತಳ್ಳಿಹಾಕಲಿಲ್ಲ. ಜರ್ಮನಿಯಿಂದ ವಲಸೆ ಬಂದಿದ್ದ ಆ ಮನೆತನದ ವಂಶವೃಕ್ಷ ಬರೆದು, ಯಾರು ಯಾವ ರೋಗದಿಂದ ಸತ್ತರೆಂದು ದಾಖಲಿಸಿದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಇದೇ ವೈದ್ಯಲೋಕ ಇಂದು ಬಲ್ಲ 'ಜಿ ಕುಟುಂಬ'. ಆದರೆ 1931ರಲ್ಲಿ ವಾರ್ತಿನ್ ನಿಧನರಾದ ನಂತರ ಈ ವಿಷಯ ಬಹುಮಟ್ಟಿಗೆ ಮೂಲೆಗೆ ಸೇರಿತು.

1962ರಲ್ಲಿ ನೆಬ್ರಾಸ್ಕದ ಓಮಾಹ ನಗರದಲ್ಲಿ ಹೆನ್ರಿ ಲಿಂಚ್ ಎಂಬ ಯುವ ವೈದ್ಯರ ಮುಂದೆ ಕುಡಿತಕ್ಕೆ ದಾಸನಾಗಿದ್ದ ಒಬ್ಬ ರೋಗಿ ಬಂದ. ಏಕೆ ಕುಡಿಯುತ್ತೀಯೆಂದು ಕೇಳಿದರೆ, ತನ್ನ ಮನೆಯವರೆಲ್ಲ ಕ್ಯಾನ್ಸರಿನಿಂದ ಸಾಯುತ್ತಾರೆ, ತಾನೂ ಸಾಯುವವನೇ ಎಂಬ ಉತ್ತರ ಬಂತು. ಲಿಂಚ್ ಸಹ ಆ ಕುಟುಂಬದ ಚರಿತ್ರೆ ಹುಡುಕುತ್ತ ಹೊರಟರು. 1966ರಲ್ಲಿ ಇಂತಹ ಎರಡು ಕುಟುಂಬಗಳ ಬಗ್ಗೆ ಬರೆದರು. ಅದನ್ನು ಗಮನಿಸಿದ ಮಿಶಿಗನ್‌ನವರು ವಾರ್ತಿನ್ನರ ಹಳೆಯ ಕಡತಗಳನ್ನು ಅವರಿಗೆ ಒಪ್ಪಿಸಿದರು. ಸಮಾಜ ಕಾರ್ಯಕರ್ತೆ ಆ್ಯನ್ ಕ್ರಷ್ ಜೊತೆಗೂಡಿ ಲಿಂಚ್ 1971ರಲ್ಲಿ ಜಿ ಕುಟುಂಬದ 75 ವರ್ಷಗಳ ಕಥೆಯನ್ನು ಪ್ರಕಟಿಸಿದರು. ಆದರೂ ಕ್ಯಾನ್ಸರ್ ವಂಶದಲ್ಲಿ ಹರಿದು ಬರುತ್ತದೆಂಬುದನ್ನು ಅಂದಿನ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಲಿಂಚರ ಅನುದಾನದ ಅರ್ಜಿಗಳು ಮತ್ತೆ ಮತ್ತೆ ತಿರಸ್ಕೃತವಾದವು.

ಕೊನೆಗೆ 1993ರಲ್ಲಿ ಎಂಎಸ್‌ಎಚ್2, 1994ರಲ್ಲಿ ಎಂಎಲ್‌ಎಚ್1 ಎಂಬ ಜೀನುಗಳು ಪತ್ತೆಯಾದವು. ಇವುಗಳ ಕೆಲಸವೇನು? ಈ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವವರಿರುತ್ತಾರಲ್ಲವೇ, ಹಾಗೆಯೇ. ಜೀವಕೋಶ ಇಬ್ಭಾಗವಾಗುವಾಗ ಡಿಎನ್‌ಎಯ ನಕಲು ತಯಾರಾಗುತ್ತದೆ. ಅದರಲ್ಲಿ ನುಸುಳುವ ಅಕ್ಷರದೋಷಗಳನ್ನು ಈ ಜೀನುಗಳು ತಯಾರಿಸುವ ಪ್ರೋಟೀನುಗಳು ತಿದ್ದುತ್ತವೆ. ತಿದ್ದುವವನೇ ಇಲ್ಲವಾದರೆ ತಪ್ಪುಗಳು ಬೆಳೆಯುತ್ತ ಕ್ಯಾನ್ಸರಿಗೆ ದಾರಿಯಾಗುತ್ತದೆ. 2000ದಲ್ಲಿ ಜಿ ಕುಟುಂಬದ ದೋಷವೂ ಎಂಎಸ್‌ಎಚ್2ರಲ್ಲೇ ಕಂಡುಬಂತು. ಆ ಹೆಣ್ಣುಮಗಳ ಮಾತಿಗೆ 105 ವರ್ಷಗಳ ನಂತರ ಉತ್ತರ ಸಿಕ್ಕಿತು! ಇಂದು ಈ ಸ್ಥಿತಿಯನ್ನು 'ಲಿಂಚ್ ಸಿಂಡ್ರೋಮ್' ಎನ್ನುತ್ತಾರೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 3ರಷ್ಟಕ್ಕೆ ಇದೇ ಕಾರಣ. 2019ರಲ್ಲಿ ನಿಧನರಾಗುವ ಮುನ್ನ ಲಿಂಚ್ ತಮ್ಮ ವಾದ ಗೆದ್ದುದನ್ನು ಕಂಡರು.

ಹಾಗಾದರೆ ಇದು ಹಣೆಬರಹವೇ? ಖಂಡಿತ ಅಲ್ಲ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಂದವರೆಲ್ಲರಿಗೂ ಕ್ಯಾನ್ಸರ್ ಆಗಲೇಬೇಕೆಂದಿಲ್ಲ. ಫಿನ್ಲೆಂಡಿನಲ್ಲಿ ಇಂತಹ ಕುಟುಂಬಗಳನ್ನು 15 ವರ್ಷ ಗಮನಿಸಿದಾಗ, 3 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಆ ದರ್ಜಿ ಮಹಿಳೆಗೆ ತಿಳಿದಿತ್ತು, ಉಪಾಯವಿರಲಿಲ್ಲ. ನಮಗೆ ಉಪಾಯವಿದೆ, ತಿಳಿದುಕೊಳ್ಳುವ ಮನಸ್ಸಿಲ್ಲ.

ಹೆಣ್ಣುಮಕ್ಕಳ ಮದುವೆಗೆ ತೊಂದರೆಯಾದೀತೆಂದು ರೋಗದ ಹೆಸರನ್ನೇ ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಹೀಗೆ ಮುಚ್ಚಿಟ್ಟ ಗುಟ್ಟಿಗೆ ಮುಂದಿನ ತಲೆಮಾರು ಬೆಲೆ ತೆರುತ್ತದೆ. ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಕೇಳಿ. ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿನಲ್ಲಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. 50 ದಾಟುವ ಮೊದಲೇ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತಿಳಿಸಿ. ವಾರ್ತಿನ್ ಆರಂಭಿಸಿದ್ದೂ ಒಂದು ಲೇಖನಿ, ಒಂದು ಹಾಳೆಯಿಂದಲೇ.